ಭಾವನವರು ಗಡಿ ದಾಟಿದ್ದು

ನಮ್ಮ ಭಾವನವರಿಗೆ ಒಂದು ದೇಶ ದಾಟುವುದಕ್ಕಿಂತ ರಸ್ತೆಯಲ್ಲಿ ಹರಡಿದ ಹುರುಳಿ ದಾಟುವುದು ಕಷ್ಟವಾಗಿತ್ತು. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ. ಅವರ ಮೋಟರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಆ ಹುರುಳಿಯನ್ನೂ ಆ ದೇಶವನ್ನೂ ದಾಟಿದವನು ನಾನು. ನಂಬದವರು ನನ್ನ ಸೊಂಟವನ್ನು ಕೇಳಬಹುದು.

ಭಾವ ಎಂದರೆ ನಮ್ಮ ಅಕ್ಕನ ಯಜಮಾನರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವ ಕಸುಬು. ಎರಡು ಸೈಲೆನ್ಸರಿನ ಹಳೆಯ ಬೈಕೊಂದು ಅವರ ಆಸ್ತಿ. ಭಾವ ವಾಪಸು ಬರುತ್ತಾ ದೂರದ ಕೈವಾರ ಊರು ಬಿಟ್ಟರೆ ಸಾಕು, ಮನೆಯಲ್ಲಿ ತನಗೆ ಸದ್ದು ಕೇಳುತ್ತದೆ, ಆಗ ಅನ್ನಕ್ಕೆ ಇಟ್ಟರೆ ಸರಿಹೋಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಆದರೆ ಅಷ್ಟು ಸದ್ದಿನ ಗಾಡಿಯ ಮೇಲೆ ಕೂತವರು ಊರೊಳಗೆ ಒಮ್ಮೆಯೂ ಹಾರನ್ ಒತ್ತಿದವರಲ್ಲ. ಎಮ್ಮೆ ಅಡ್ಡ ಬಂದರೆ ಇಂಜಿನ್ ಆರಿಸಿ ಎಮ್ಮೆಯ ಅಭಿಪ್ರಾಯಕ್ಕಾಗಿ ಕಾಯುತ್ತಿದ್ದರು.

"ದಾರಿ ಅನ್ನೋದು ಬೇರೆಯೋರ ಮನೆ ಅಂಗಳ ಕಣೋ," ಎನ್ನುತ್ತಿದ್ದರು. "ಅಂಗಳದಾಗೆ ಹೆಂಗ್ ನಡೀತೀಯೋ ಹಂಗೇ ನಡೀಬೇಕು."

ಈ ಅಂಗಳದ ಧರ್ಮಕ್ಕೆ ಮೊದಲು ಬಲಿಯಾಗಲಿದ್ದದ್ದು ನನ್ನ ಮದುವೆ. ಗೌರಿಬಿದನೂರಿನಲ್ಲಿ ಹೆಣ್ಣು ನೋಡುವುದಿತ್ತು. ನಾನು ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಹಿಂದೆ ಕೂತಿದ್ದೆ. ಮಂಚೇನಹಳ್ಳಿ ದಾಟಿದ ಮೇಲೆ ರೈತರು ರಸ್ತೆ ತುಂಬ ಹುರುಳಿ ಹರಡಿದ್ದರು. ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆಯಲಿ ಎಂದು ನಮ್ಮ ಕಡೆ ಹಾಗೆ ಹರಡುವುದು ಗೊತ್ತೇ ಇದೆ. ಭಾವ ಅದರ ಮೇಲೆ ಒಂದು ಸಲ ಹೋದರು, ಗಾಡಿ ತಿರುಗಿಸಿದರು, ಮತ್ತೆ ಬಂದರು.

"ಯಾಕೆ ಭಾವ, ಏನಾದ್ರೂ ಬಿತ್ತಾ?"

"ಬೈಕು ಹಗುರ ಕಣೋ. ಒಂದ್ಸಲಕ್ಕೆ ಕಾಯಿ ಒಡೆಯಲ್ಲ. ಅವರ ದಾರೀಲಿ ಹೋಗಿ ಅವರ ಕೆಲಸ ಅರ್ಧಂಬರ್ಧ ಮಾಡಿದ್ರೆ ಚೆನ್ನಾಗಿರುತ್ತಾ?"

ಹುರುಳಿಯವಳು ಮೊದಲು ಗಾಬರಿಯಾದಳು, ಆಮೇಲೆ ಮರದ ನೆರಳಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು, "ಆ ಮೂಲೆ ಬಿಟ್ಬಿಟ್ರಿ ಸ್ವಾಮಿ," ಎಂದು ನಿರ್ದೇಶನ ಕೊಡತೊಡಗಿದಳು. ನಾವು ಹೆಣ್ಣಿನ ಮನೆ ತಲುಪಿದಾಗ ಉಪ್ಪಿಟ್ಟು ಆರಿತ್ತು. ನನ್ನ ತಲೆಯ ಎಣ್ಣೆಗೆ ಹುರುಳಿ ಹೊಟ್ಟು ಅಂಟಿ, ಗೂಡಿನಿಂದ ಬಿದ್ದ ಮರಿಯ ಹಾಗೆ ಕಾಣುತ್ತಿದ್ದೆನಂತೆ. ಅಂತೆ ಏನು, ಆ ಹೆಣ್ಣು ಇಂದಿಗೂ ಅಡುಗೆ ಮನೆಯಿಂದ ಅದನ್ನೇ ಹೇಳುತ್ತಾಳೆ.

ಆಂಧ್ರದ ಗಡಿಗೆ ಹೋದರಂತೂ ಕೇಳುವುದೇ ಬೇಡ. ಹಿಂದೂಪುರದ ದಾರಿಯ ಚೆಕ್‌ಪೋಸ್ಟಿನಲ್ಲಿ ಬೈಕುಗಳನ್ನು ಯಾರು ಕೇಳುತ್ತಾರೆ? ಭಾವ ನಿಲ್ಲಿಸಿ, ಇಳಿದು, ಕೈಮುಗಿದು, ತೂಕಡಿಸುತ್ತಿದ್ದ ಪೊಲೀಸಿನವನನ್ನು ಎಬ್ಬಿಸಿ, "ಲೋಪಲಿಕಿ ರಾವಚ್ಚಾ?" ಎಂದು ಕೇಳುತ್ತಿದ್ದರು. ಒಳಗೆ ಬರಬಹುದೇ ಎಂದು. ಒಂದು ಸಲ, ಇಷ್ಟು ಮರ್ಯಾದೆ ಕೊಡುವವರು ಮಫ್ತಿಯಲ್ಲಿರುವ ದೊಡ್ಡ ಸಾಹೇಬರೇ ಇರಬೇಕೆಂದುಕೊಂಡ ಅವನು ಎದ್ದು, ಟೋಪಿ ಹುಡುಕಿ ಸೆಲ್ಯೂಟ್ ಹೊಡೆದ. ಮುಂದಿನ ಸಲ ಹೋದಾಗ, ಮತ್ತೆ ತೂಕಡಿಸದಿರಲಿ ಎಂದು ಮೇಲಿನವರು ಅವನ ಕುರ್ಚಿಯನ್ನೇ ಅಲ್ಲಿಂದ ತೆಗೆಸಿಬಿಟ್ಟಿದ್ದರು.

ಎಂಬತ್ತರ ದಶಕದ ಮೊದಲಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ಲಾರಿ ಡ್ರೈವರ್ ಭಾವನ ತಲೆ ಕೆಡಿಸಿದ. ನೇಪಾಳಕ್ಕೆ ನಮ್ಮವರು ಹೋದರೆ ಯಾರೂ ಏನೂ ಕೇಳುವುದಿಲ್ಲವಂತೆ, ಪಾಸ್‌ಪೋರ್ಟೂ ಬೇಡವಂತೆ.

"ಕೇಳ್ದೆ ಒಳಗೆ ಬಿಡೋ ದೇಶ ಐತಾ?" ಭಾವ ಬೆರಗಾದರು. "ಅಂಥ ದೊಡ್ಡ ಮನಸ್ಸಿನೋರನ್ನ ಒಂದ್ಸಲ ನೋಡ್ಕೊಂಡು ಬರಾಣ ಬಾರೋ."

ನನ್ನನ್ನು ಕರೆದದ್ದು ಪ್ರೀತಿಯಿಂದ ಮಾತ್ರವಲ್ಲ. ಹೈಸ್ಕೂಲಿನಲ್ಲಿ ನಾನು ಹಿಂದಿ ಪಾಸು ಮಾಡಿದ್ದೆ. ಭಾವ ಹಿಂದಿ ಪೀರಿಯಡ್ಡನ್ನು ಕ್ಲಾಸಿನ ಹೊರಗೆ ನಿಂತೇ ಕಳೆದವರು. ಅವರ ಪಾಲಿಗೆ ನಾನೇ ಬಾಯಿ, ನಾನೇ ಕಿವಿ. ಇದನ್ನು ಓದುಗರು ಮರೆಯಬಾರದು.

ಪೆರೇಸಂದ್ರ, ಬಾಗೇಪಲ್ಲಿ, ಹೈದರಾಬಾದ್, ನಾಗಪುರ, ಕಾಶಿ ಎಂದು ಹೇಳುವುದಕ್ಕೆ ಒಂದು ಉಸಿರು ಸಾಕು. ಬೈಕಿನಲ್ಲಿ ಹೋಗಿ ನೋಡಿ. ಅಂತೂ ನೇಪಾಳದ ಗಡಿಯಲ್ಲಿರುವ ಸುನೌಲಿಯ ಗೇಟಿಗೆ ಬಂದೆವು. ಗಾಡಿಗೆ ಚೀಟಿ ಮಾಡಿಸಬೇಕಿತ್ತು, ಮಾಡಿಸಿದೆವು. ಮನುಷ್ಯರಿಗೆ ಏನೂ ಬೇಡ, ಹೋಗಿ ಎಂದರು. ಭಾವನ ಮುಖ ಇಳಿಯಿತು.

"ಗಾಡಿಗಿರೋ ಮರ್ಯಾದೆ ನನಗಿಲ್ವಾ? ಅಪ್ಪಣೆ ಕೇಳೋ."

ಕೇಳಿದೆ. ಟೀ ಕುಡಿಯುತ್ತಿದ್ದ ಗುಮಾಸ್ತ ಲೋಟ ಕೆಳಗಿಟ್ಟು ಭಾವನನ್ನು ನೋಡಿದ. "ಕೊಟ್ಟಿದ್ದೀನಿ ಅಂತ ಹೇಳಪ್ಪ, ಹೋಗ್ಲಿ," ಎಂದ ಹಿಂದಿಯಲ್ಲಿ. ಭಾವ ಚಪ್ಪಲಿ ಬಿಟ್ಟು ಆ ದೇಶದೊಳಗೆ ಬಲಗಾಲಿಟ್ಟರು. ಬೈಕನ್ನು ನಾನು ತಳ್ಳಿದೆ.

ಒಳಗೆ ಸ್ವಲ್ಪ ದೂರದಲ್ಲೇ ಟೈರು ಪಂಕ್ಚರ್ ಆಯಿತು. ರಸ್ತೆ ಪಕ್ಕದ ಮನೆಯ ಹೆಂಗಸೊಬ್ಬಳು, ನಮ್ಮ ಅಕ್ಕನ ವಯಸ್ಸಿನವಳು, ಜಗಲಿಯಲ್ಲಿ ಕೂರಿಸಿ ಅವಲಕ್ಕಿ, ಆಲೂಗಡ್ಡೆ ಪಲ್ಯ ಬಡಿಸಿದಳು. ಹೊರಡುವಾಗ ಮುಚ್ಚಳವಿರುವ ಹಿತ್ತಾಳೆ ಡಬ್ಬಿಯೊಂದರಲ್ಲಿ ದಾರಿಗೆಂದು ಅವಲಕ್ಕಿ ತುಂಬಿಕೊಟ್ಟಳು. ಅದು ಅವಳ ತವರಿನ ಡಬ್ಬಿ, ಬರುವಾಗ ಮರೆಯದೆ ಕೊಡಿ ಎಂದಳು ಹಿಂದಿಯಲ್ಲಿ. ನಾನು ಕನ್ನಡಕ್ಕೆ ತಿರುಗಿಸಿದೆ. ಭಾವ ಎದೆ ಮುಟ್ಟಿಕೊಂಡು ಅವಳಿಗೆ ತೆಲುಗಿನಲ್ಲಿ ಮಾತು ಕೊಟ್ಟರು. ಹೊರದೇಶ ಎಂದಮೇಲೆ ತೆಲುಗೇ ಸರಿ ಎಂದು ಅವರ ನಂಬಿಕೆ.

ಕಾಠ್ಮಂಡುವಿನಲ್ಲಿ ದೇವರ ದರ್ಶನಕ್ಕಿಂತ ಭಾವನಿಗೆ ಆ ಡಬ್ಬಿಯದೇ ಚಿಂತೆ. ಯಾರದೇ ಪಾತ್ರೆಯನ್ನು ನಾವು ಖಾಲಿ ವಾಪಸು ಕೊಡುವವರಲ್ಲವಲ್ಲ. ಏನು ತುಂಬುವುದು? ಕೊನೆಗೆ ಕಲ್ಲುಸಕ್ಕರೆ ಕೊಂಡು ತುಂಬಿದರು.

ವಾಪಸು ಬರುವಾಗ ದಾರಿ ಎರಡಾಗಿ ಕವಲೊಡೆಯುವ ಕಡೆ ನಿಂತೆವು. ಒಂದು ಅವಳ ಮನೆಯ ಕಡೆಗೆ. ಇನ್ನೊಂದು ಬೇರೆ ಗೇಟಿಗೆ, ಹತ್ತಿರದ್ದು. ನನಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಅವಳ ಮನೆಯ ಕಡೆಯ ದಾರಿ ಹೇಗಿದೆ ಎಂದು ಲಾರಿಯವನೊಬ್ಬನನ್ನು ಭಾವ ನನ್ನಿಂದ ಕೇಳಿಸಿದರು. "ರಸ್ತೆ ಚೆನ್ನಾಗಿದೆ, ಗೇಟು ತೆರೆದಿದೆ, ಆರಾಮಾಗಿ ಹೋಗಿ," ಎಂದ ಅವನು.

"ಏನಂತೋ?"

"ಆ ಕಡೆ ಗೇಟು ಮುಚ್ಚಿಬಿಟ್ಟಿದ್ದಾರಂತೆ ಭಾವ, ಆ ದಾರೀಲೇ ಯಾರನ್ನೂ ಬಿಡ್ತಿಲ್ಲವಂತೆ. ಯಾವಾಗ ತೆಗೀತಾರೋ ಗೊತ್ತಿಲ್ಲವಂತೆ."

ಭಾವ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟರು. ಆಮೇಲೆ ಹತ್ತಿರದ ದಾರಿಗೆ ಗಾಡಿ ತಿರುಗಿಸಿದರು. ನಾನು ಅವರ ಬೆನ್ನನ್ನು ನೋಡುವುದು ಬಿಟ್ಟು ಪಕ್ಕದ ಗದ್ದೆಗಳನ್ನು ನೋಡುತ್ತಾ ಬಂದೆ.

ಡಬ್ಬಿ ಶಿಡ್ಲಘಟ್ಟದ ಮನೆಯ ಗೋಡೆಗೂಡಿನಲ್ಲಿ ಕೂತಿತು. ಬೇರೆಯವರ ಪಾತ್ರೆ ಎಂದು ಅಕ್ಕ ಅದರಲ್ಲಿ ಸಾಸಿವೆ ಕೂಡ ಹಾಕಲಿಲ್ಲ, ಹಬ್ಬಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ಬೆಳಗುತ್ತಿದ್ದಳು. ಭಾವ ಪೇಪರ್ ಓದುವವರಲ್ಲ. ಬೇರೆ ಊರಿನ ಜಗಳ ಓದುವುದು ಗೋಡೆಗೆ ಕಿವಿ ಕೊಟ್ಟ ಹಾಗೆ ಎನ್ನುತ್ತಿದ್ದರು. ಹಾಗಾಗಿ ನಾನು ನಮ್ಮ ಚಿಕ್ಕಬಳ್ಳಾಪುರದ ಮನೆಯಿಂದ ಹೋದಾಗಲೆಲ್ಲ ನನ್ನನ್ನೇ ಕೇಳುವರು.

"ಆ ಗೇಟು ತೆಗೆದ್ರಂತೇನೋ?"

"ಇನ್ನೂ ಇಲ್ಲ ಭಾವ."

ಅಕ್ಕ ಕೈಗೆ ಕಾಫಿ ಕೊಡುತ್ತಿರುವಾಗ ನಾನು ಎಷ್ಟು ವರ್ಷ ಆ ದೇಶದ ಗೇಟು ಮುಚ್ಚಿಟ್ಟೆ! ಹೇಳಿಬಿಡೋಣ ಎಂದು ಹೋಗುತ್ತಿದ್ದೆ, ಹೊಳೆಯುವ ಡಬ್ಬಿ ನೋಡಿ ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ತೊಂಬತ್ತರ ದಶಕ ಬಂತು. ಒಂದು ದಿನ ಭಾವ, "ಮುಚ್ಚಿದ್ರೆ ಗೇಟಿನ ಹೊರಗೇ ಕೂತ್ಕೊಂತೀನಿ. ತೆಗೆದಾಗ ಹೋಗಿ ಕೊಟ್ಟು ಬರ್ತೀನಿ," ಎಂದು ಹೊರಟೇಬಿಟ್ಟರು. ಅಕ್ಕ ಡಬ್ಬಿಗೆ ರಾಗಿ ಹುರಿಹಿಟ್ಟು ತುಂಬಿದಳು. ನನಗೆ ಬೆನ್ನು ನೋವು ಎಂದೆ. ಅದು ಇನ್ನೊಂದು ಸುಳ್ಳು. ಅವರು ಬರುವ ತನಕ ನನಗೆ ಅನ್ನ ಸೇರಲಿಲ್ಲ. ಗೇಟಿನಲ್ಲಿ ಯಾರಾದರೂ ನಿಜ ಹೇಳದೆ ಇರುತ್ತಾರೆಯೇ? ಇನ್ನು ಆ ಮನೆಗೆ ನಾನು ಹೇಗೆ ಕಾಲಿಡಲಿ?

ಅವರೇ ನನ್ನ ಮನೆಗೆ ಬಂದರು. ಕಪ್ಪಗಾಗಿದ್ದರು, ಇಳಿದುಹೋಗಿದ್ದರು. ಚೀಲದಿಂದ ಉಣ್ಣೆಯ ಟೋಪಿಯೊಂದನ್ನು ತೆಗೆದು ಮುಂದಿಟ್ಟರು.

"ಆಯಮ್ಮ ನಿನಗೆ ಕೊಟ್ಟವ್ಳೆ. ನನ್ನ ಕೂರಿಸ್ಕೊಂಡೇ ಹೆಣೆದ್ಳು."

"ನನಗ್ಯಾಕೆ ಭಾವ?"

"ಆವಾಗ ಯಾಕೆ ಬರ್ಲಿಲ್ಲ ಅಂತ ಕೇಳಿದ್ಳು. ನನ್ನ ಬಾಮೈದನಿಗೆ ದಾರೀಲಿ ಚಳಿಜ್ವರ ಬಂದ್ಬಿಡ್ತು, ಹತ್ತಿರದ ದಾರೀಲಿ ಊರಿಗೆ ಕರ್ಕೊಂಡೋದೆ ಅಂದೆ."

"ಯಾವ ಭಾಷೇಲಿ ಅಂದ್ರಿ?"

"ಭಾಷೆ ಯಾಕೆ? ಹಣೆ ಮುಟ್ಕೊಂಡು ನಡುಗಿ ತೋರಿಸ್ದೆ. ಕಣ್ಣೀರು ಹಾಕ್ಬಿಟ್ಲು, ಪಾಪ."

ನಾನು ತಲೆ ತಗ್ಗಿಸಿದೆ. "ಭಾವ, ಆ ಗೇಟು..."

"ಗೇಟಿನ ಹತ್ರ ತೆಲುಗು ಲಾರಿಯೋನು ಒಬ್ಬ ಸಿಕ್ಕಿದ್ದ. ಎಲ್ಲಾ ಹೇಳ್ದ," ಎಂದರು ಮೆಲ್ಲಗೆ.

ಪೊಲೀಸಿನವನನ್ನು ಎಬ್ಬಿಸಿ ಅಪ್ಪಣೆ ಕೇಳುತ್ತಿದ್ದ ಮನುಷ್ಯ, ಎಮ್ಮೆಗೂ ಮೋಸ ಮಾಡದ ಮನುಷ್ಯ, ಅನ್ನ ಹಾಕಿದವಳ ಜಗಲಿಯ ಮೇಲೆ ಕೂತು ಸುಳ್ಳಾಡಿ ಬಂದಿದ್ದರು. ಎದ್ದು ಬಂದು ಟೋಪಿಯನ್ನು ನನ್ನ ತಲೆಗೆ ಹಾಕಿ, ಕಿವಿ ಮುಚ್ಚುವ ಹಾಗೆ ಎರಡೂ ಕೈಯಿಂದ ಕೆಳಗೆ ಎಳೆದರು. ಆಮೇಲೆ ನನ್ನ ಹಣೆ ಮುಟ್ಟಿ ನೋಡಿ ಕೇಳಿದರು:

"ಈಗ ಹೆಂಗೈತಪ್ಪ, ಜ್ವರ ಬಿಡ್ತಾ?"

"ಬಿಡ್ತು ಭಾವ," ಎಂದೆ.