ದಾನಿಯ ಕಲ್ಲಿಗೆ ಸಿಮೆಂಟು

ಸುಣ್ಣ ಹೊಡೆಯುವವರಿಗೆ ಜಾಗವಾಗಲಿ ಎಂದು ಗ್ರಂಥಾಲಯದ ಹಳೆಯ ಕಪಾಟನ್ನು ಒಂದಿಷ್ಟು ಆಚೆ ಸರಿಸಿದ್ದೇ ಚನ್ನಬಸಯ್ಯನ ತಪ್ಪು. ಹಿಂದಿನ ಗೋಡೆಯಲ್ಲಿ ಒಂದು ಕರಿಕಲ್ಲು ಕಂಡಿತು.

ವಿಕ್ರೋಳಿಯಾಚೆಯ ಆ ಊರು ಆಗಿನ್ನೂ ಮುಂಬಯಿ ನಗರಪಾಲಿಕೆಗೆ ಸೇರಿರಲಿಲ್ಲ. ತನ್ನದೇ ಪುರಸಭೆ, ತನ್ನದೇ ಕಟ್ಟಡ. ಮೇಲೆ ಸಭಾಭವನ, ಕೆಳಗೆ ಗ್ರಂಥಾಲಯ. 1953ರ ಆ ಸಂಜೆ ಕಟ್ಟಡದ ಬೆಳ್ಳಿಹಬ್ಬ. ಧಾರವಾಡದಿಂದ ಬಂದು ಗ್ರಂಥಪಾಲನಾಗಿದ್ದ ಚನ್ನಬಸಯ್ಯನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಮಾರಂಭ ಸುಸೂತ್ರವಾಗಿ ಮುಗಿದರೆ ಮಾಡಿಸುತ್ತೇನೆಂದು ಪುರಸಭೆಯ ಮುಖ್ಯಾಧಿಕಾರಿ ಬಸವಂತಪ್ಪನವರು ಮಾತು ಕೊಟ್ಟಿದ್ದರು.

ಧೂಳೊರೆಸಿ ಕಲ್ಲಿನ ಮೇಲಿದ್ದ ಮರಾಠಿ ಅಕ್ಷರಗಳನ್ನು ಓದಿದ. ಹೆಂಡದ ಗುತ್ತಿಗೆದಾರ ಸೀನ ಪೂಜಾರಿಯವರು ಜನರಿಗಾಗಿ ಕಟ್ಟಿಸಿಕೊಟ್ಟ ಕಟ್ಟಡ ಅದು ಎಂದಿತ್ತು. ರಾಜ್ಯದಲ್ಲೆಲ್ಲ ಪಾನನಿರೋಧ. ಸಂಜೆಯ ಮುಖ್ಯ ಅತಿಥಿಯೋ, ಪಾನನಿರೋಧ ಇಲಾಖೆಯ ದೊಡ್ಡ ಸಾಹೇಬರು!

ಗಾಬರಿಯಲ್ಲಿ ಕಪಾಟನ್ನು ಹಿಂದಕ್ಕೆ ತಳ್ಳಿದ. ಗೆದ್ದಲು ತಿಂದಿದ್ದ ಕಾಲು ಮುರಿದು, ಅದು ಕುಡಿದವನ ಹಾಗೆ ವಾಲಿ ಮಗ್ಗುಲಾಯಿತು. ಸದ್ದು ಕೇಳಿ ಪಕ್ಕದ ಉಡುಪಿ ಹೋಟೆಲಿನ ಮೋನಪ್ಪ ಓಡಿ ಬಂದು ವಿಷಯವನ್ನೆಲ್ಲ ಕೇಳಿದ.

"ಅದಕ್ಕೆ ಚಿಂತೆ ಎಂತದು ಮಾರಾಯ್ರೆ? ನನ್ನ ಫ್ಯಾಮಿಲಿ ರೂಮಿನ ಪರದೆ ಕಟ್ಟುವ."

ಸಾಂಬಾರಿನ ವಾಸನೆಯ ಕೆಂಪು ಪರದೆ ಕಟ್ಟಿ ಮುಗಿಯುವ ಹೊತ್ತಿಗೆ ಬಸವಂತಪ್ಪನವರು ಬಂದರು.

"ಏನ್ರೀ ಇದು ಚನ್ನಬಸಯ್ಯ! ಪರದೆ ಕಂಡ್ರ ಉದ್ಘಾಟನಾ ಅಂತ ತಿಳದು ಎಳೀತಾರ ಮುಖ್ಯ ಅತಿಥಿಗಳು!" ಎಂದು ತಾವೇ ಎಳೆದು ನೋಡಿದರು. ಓದಿದರು. ಬೆವರೊರೆಸಿಕೊಂಡರು. "ಸಿಮೆಂಟ್ ಬಳದುಬಿಡ್ರಿ."

"ಸಾಹೇಬ್ರ, ಈ ಮನಷ್ಯಾನ ಸೂರಿನ ಕೆಳಗ ಕುಂತು ಅನ್ನ ತಿಂತೀವ್ರಿ..."

"ಆ ಅನ್ನ ಕಾಯಂ ಆಗಬೇಕೋ ಬ್ಯಾಡೋ?"

ಗಾರೆಯವನು ಊಟಕ್ಕೆ ಹೋಗಿದ್ದ. ಚನ್ನಬಸಯ್ಯನೇ ಬರಿಗೈಯಲ್ಲಿ ಸಿಮೆಂಟು ಕಲಸಿದ. ಮೊದಲಿನಿಂದಲೂ ಆ ಕಟ್ಟಡದ ಕಸ ಗುಡಿಸುತ್ತಿದ್ದ ಮುದುಕಿ ಅಕ್ಕು ಪೊರಕೆ ಹಿಡಿದು ಬಂದು ನಿಂತಳು.

"ಅಯ್ಯನವ್ರೆ, ಅದು ನಮ್ಮ ಧಣಿಗಳ ಹೆಸರಲ್ವಾ?"

"ಹೌದವ್ವ."

"ಯಾರು ಬಂದ್ರೂ ಜಾತಿ ಕೇಳ್ಬೇಡಿ, ಮೊದಲು ಕುರ್ಚಿ ಕೊಡಿ ಅಂದಿದ್ರು ಅವರು. ನನ್ನನ್ನೂ ಒಂದು ಸಲ ಕೂರಿಸಿದ್ರು."

ಚನ್ನಬಸಯ್ಯ ತಿರುಗಿ ನೋಡಲಿಲ್ಲ. ಉಳಿದ ಅಕ್ಷರಗಳನ್ನೂ ಮುಚ್ಚಿದ.

ಸಂಜೆ ಸಾಹೇಬರು ಬಂದರು. ಹಾರಕ್ಕೂ ನಿಲ್ಲದೆ ನೆಟ್ಟಗೆ ಆ ಗೋಡೆಯ ಹತ್ತಿರ ಹೋಗಿ ಕೈಯಾಡಿಸಿದರು. ಬಿಳಿ ಅಂಗಿಯ ತೋಳಿಗೆ ಬೂದುಬಣ್ಣ ಮೆತ್ತಿಕೊಂಡಿತು.

"ಇಲ್ಲಿ ಒಂದು ಕಲ್ಲು ಇತ್ತಲ್ಲ? ಸೀನ ಪೂಜಾರಿ ಅಂತ ಹೆಸರು?"

ಸಿಕ್ಕಿಬಿದ್ದೆವೆಂದುಕೊಂಡರು ಬಸವಂತಪ್ಪನವರು. "ಛೇ ಛೇ! ಅಂಥಾ ಹೆಂಡದ ಮಂದಿಗೂ ಈ ಕಟ್ಟಡಕ್ಕೂ ಸಂಬಂಧಾನ ಇಲ್ರಿ ಸಾಹೇಬ್ರ. ಗೋಡಿ ಸೋರತಿತ್ತು, ಸಿಮೆಂಟ್ ಬಳಿಸೀವಿ. ಬೇಕಾರ ನಮ್ಮ ಗ್ರಂಥಪಾಲರನ್ನ ಕೇಳ್ರಿ."

ಎಲ್ಲರೂ ಚನ್ನಬಸಯ್ಯನತ್ತ ತಿರುಗಿದರು. "ಇಲ್ರಿ," ಎಂದ. ಆ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಸಾಹೇಬರು ಕನ್ನಡಕ ತೆಗೆದರು. "ಅವರು ನನ್ನ ಅಜ್ಜ. ನಾನು ಈ ನೌಕ್ರಿಗೆ ಸೇರಿದ ಮೇಲೆ ಘರ್ ಮೇ ಯಾರೂ ಅವರ ಹೆಸರು ಹೇಳೋದಿಲ್ಲ. ನಾನೂ ಹೇಳಿಲ್ಲ. ಇಲ್ಲಾದ್ರೂ ಇರ್ತದೆ ಅಂತ ನೋಡ್ಲಿಕ್ಕೆ ಬಂದೆ."

ಮೊದಲು ಚೇತರಿಸಿಕೊಂಡವರು ಬಸವಂತಪ್ಪನವರೇ. "ಚನ್ನಬಸಯ್ಯ! ಯಾರ ಅಪ್ಪಣಿ ಮ್ಯಾಲೆ ಬಳದ್ರೀ ಇದನ್ನ?"

ಚನ್ನಬಸಯ್ಯ ಸಾಹೇಬರ ಮುಖ ನೋಡಿದ. ಮೊಣಕಾಲೂರಿ ಕುಳಿತು, ಅರೆಗಟ್ಟಿಯಾಗಿದ್ದ ಸಿಮೆಂಟನ್ನು ಉಗುರಿನಿಂದ ಕೆರೆಯತೊಡಗಿದ. ಅಕ್ಕು ನೀರು ತಂದು ಹೊಯ್ದಳು. ಮೋನಪ್ಪ ದೋಸೆ ಮಗುಚುವ ಸಟ್ಟುಗವನ್ನೇ ತಂದುಕೊಟ್ಟ. ಆದರೆ ಅಕ್ಷರಗಳ ಸಂದಿಗೆ ಬೆರಳೇ ಬೇಕಾಗಿತ್ತು. ಒಂದೊಂದಾಗಿ ಅವು ಹೊರಬಂದವು. ಸಾಹೇಬರು ಚಪ್ಪಲಿ ಕಳಚಿಟ್ಟು ಅಜ್ಜನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿದರು. ಜನ ಚಪ್ಪಾಳೆ ತಟ್ಟಿದರು. ಚನ್ನಬಸಯ್ಯ ತಟ್ಟಲಾರದೆ ಹೋದ. ಬೆರಳುಗಳಿಂದ ರಕ್ತ ಬರುತ್ತಿತ್ತು.

ಮರುದಿನ ಬಸವಂತಪ್ಪನವರು ಅವನನ್ನು ಕರೆಸಿ ಒಂದು ನೋಟೀಸು ಮುಂದಿಟ್ಟರು. ದಾನಿಗಳ ಶಿಲೆಯನ್ನು ವಿರೂಪಗೊಳಿಸಿದ್ದಕ್ಕಾಗಿ ಕಾಯಂ ಮಾಡುವ ಮಾತು ರದ್ದು, ಗ್ರಂಥಾಲಯದಿಂದ ಊರ ಗಡಿಯಲ್ಲಿ ಸುಂಕ ವಸೂಲಿ ಮಾಡುವ ಜಕಾತಿ ನಾಕಾಕ್ಕೆ ವರ್ಗ.

"ಮುಟ್ಟಿತು ಅಂತ ಸಹಿ ಮಾಡ್ರಿ."

ಸಿಮೆಂಟಿಗೆ ಬೆಂದು ಬಾತಿದ್ದ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ. ಊರಿನ ಗ್ರಂಥಪಾಲ ಹೆಬ್ಬೆಟ್ಟು ಒತ್ತಿದ. ತೊಗಲು ಸುಲಿದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಾಗದದ ಮೇಲೆ ಬರೀ ಒಂದು ಕಪ್ಪು ಮಚ್ಚೆ ಮೂಡಿತು.

ಬಸವಂತಪ್ಪನವರು ಅದನ್ನು ಬೆಳಕಿಗೆ ಹಿಡಿದು ನೋಡಿ ಗದರಿದರು: "ಏನ್ರೀ ಇದು? ಇದು ಯಾರದಂತ ಮುಂದ ಯಾರಿಗರೆ ಗೊತ್ತಾಗಬೇಕೋ ಬ್ಯಾಡೋ?"