ಸಿದ್ದಯ್ಯನವರು ಬರೆದುಕೊಟ್ಟ ವರ್ಗಾವಣೆ ಅರ್ಜಿ

ದಿನಕ್ಕೆ ಹತ್ತು ಇಂಗ್ಲಿಷ್ ಪದ, ವರ್ಷಕ್ಕೆ ಮೂರು ಸಾವಿರದ ಆರುನೂರೈವತ್ತು! ತುಮಕೂರಿನ ಬಟ್ಟೆ ಅಂಗಡಿಯ ಗುಮಾಸ್ತ ಸಿದ್ದಯ್ಯನವರು ತೊಂಬತ್ತೆಂಟರ ಯುಗಾದಿಯಂದು, ಬೇವುಬೆಲ್ಲ ಬಾಯಲ್ಲಿರುವಾಗಲೇ ಶಪಥ ಮಾಡಿದರು. ಸಣ್ಣಪುಟ್ಟ ಪದ ಅವರಿಗೆ ಬೇಡ. ಹೇಳಿದರೆ ಬಾಯಿ ತುಂಬಬೇಕು. ಚೀಟಿಯಲ್ಲಿ ಬರೆದು, ಅನ್ನದಗುಳು ಮೆತ್ತಿ, ಬಚ್ಚಲ ಬಾಗಿಲವರೆಗೂ ಅಂಟಿಸಿದರು. ಮೊದಲು ಓದಲು ಬಂದವು ಇರುವೆಗಳು.

ಹೆಂಡತಿ ಶಿವರುದ್ರಮ್ಮ ಹುಲಿಯೂರುದುರ್ಗದಲ್ಲಿ ಪ್ರೈಮರಿ ಟೀಚರು. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ನಿಂತೇ ಹೋಗಿ ನಿಂತೇ ಬಂದು ಆಕೆಯ ಸೊಂಟ ಬಿದ್ದುಹೋಗಿತ್ತು. ಹತ್ತಿರದ ಊರ್ಡಿಗೆರೆಯಲ್ಲಿ ಒಂದು ಜಾಗ ಖಾಲಿಯಾಯಿತು. ಆಕೆ ಕನ್ನಡದಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದರು. ಸಿದ್ದಯ್ಯನವರು ಅದನ್ನು ಪಕ್ಕಕ್ಕೆ ತಳ್ಳಿ, ಇಂಗ್ಲಿಷಿನಲ್ಲಿ ಎರಡು ಪುಟ ಇಳಿಸಿದರು.

"ಇದ್ರಲ್ಲಿ ನನ್ ಬಸ್ಸಿನ ಕಷ್ಟ ಎಲ್ಲೈತ್ರೀ?"

"ಪೆರಿಗ್ರಿನೇಶನ್ ಅಂತೈತಲ್ಲ, ಅದೇ ಕಣೇ. ಅಲೆದಾಟ ಅಂತ."

"ಬಸ್ಸು ಅಂತ ಬರೆದ್ರೆ ಬಸ್ಸೇನು ಸಿಟ್ ಮಾಡ್ಕೊಳ್ತದಾ?"

"ನಿಂಗೆ ತಿಳಿಯಲ್ಲ, ಸೈನ್ ಹಾಕು."

ಹಾಕಿದರು. ತಿಂಗಳಾದ ಮೇಲೆ ಶಿಕ್ಷಣಾಧಿಕಾರಿಗಳ ಆಫೀಸಿನಿಂದ ಉತ್ತರ ಬಂತು. ಇಂಥ ಇಂಗ್ಲಿಷ್ ಬಲ್ಲ ಶಿಕ್ಷಕಿ ತಾಲ್ಲೂಕಿಗೇ ಅಪರೂಪ; ಆದ್ದರಿಂದ ಇವರನ್ನು ಕದಲಿಸತಕ್ಕದ್ದಲ್ಲ. ಇನ್ನು ಮುಂದೆ ಶನಿವಾರ ಮಧ್ಯಾಹ್ನ ಹೋಬಳಿಯ ಶಿಕ್ಷಕರಿಗೆಲ್ಲ ಇವರೇ ಇಂಗ್ಲಿಷ್ ಕಲಿಸತಕ್ಕದ್ದು.

ಶಿವರುದ್ರಮ್ಮ ಬೈಯಲಿಲ್ಲ. ಕಾಗದ ಮಡಚಿಟ್ಟು, ಸೊಂಟ ಹಿಡಿದು ಕೂತರು. ಬೈದಿದ್ದರೇ ವಾಸಿಯಿತ್ತು. ಮರುದಿನವೇ ಸಿದ್ದಯ್ಯನವರು ಹೆಂಡತಿಯನ್ನು ಕರೆದುಕೊಂಡು ಆಫೀಸಿಗೆ ಹೋದರು. ಆಕೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಸಾಹೇಬರ ಮುಂದೆ ತಲೆ ತಗ್ಗಿಸಿ ನಿಂತರು.

"ತಪ್ಪಾಯ್ತು ಸಾರ್. ಆ ಅರ್ಜಿ ನನ್ ಹೆಂಡ್ತಿ ಬರ್ದಿದ್ದಲ್ಲ. ನಾನು ಬರ್ದಿದ್ದು."

ಸಾಹೇಬರು ಕನ್ನಡಕ ಏರಿಸಿ, ಅರ್ಜಿಯ ಮೇಲೆ ಬೆರಳಿಟ್ಟರು.

"ಹೌದಾ? ಹಾಗಾದ್ರೆ ಇಲ್ಲೊಂದು ಪದ ಇದೆಯಲ್ಲ, ಇಂಡಿಫ್ಯಾಟಿಗಬಲ್. ಅದರರ್ಥ ಹೇಳಿ."

ಸಿದ್ದಯ್ಯನವರು ಸೂರು ನೋಡಿದರು. ಫ್ಯಾನು ತಿರುಗುತ್ತಿತ್ತು. ಬಚ್ಚಲ ಬಾಗಿಲು ಕಣ್ಮುಂದೆ ಬಂತು, ಚೀಟಿ ಬಂತು, ಚೀಟಿಯ ಮೇಲಿನ ಇರುವೆಯೂ ಬಂತು. ದಣಿವರಿಯದವಳು ಎಂಬ ಅರ್ಥ ಮಾತ್ರ ಬರಲಿಲ್ಲ.

ಸಾಹೇಬರು ಕನಿಕರದಿಂದ ತಲೆಯಾಡಿಸಿದರು. "ಹೆಂಡ್ತಿ ವಿದ್ಯೆ ನೋಡಿ ಹೊಟ್ಟೆಕಿಚ್ಚು ಪಡಬಾರದು ಕಣ್ರೀ. ಹೋಗಿ, ಅವರ ಹತ್ರಾನೇ ಕಲೀರಿ."

ಹೊರಗೆ ಶಿವರುದ್ರಮ್ಮ ಬೆಂಚು ಹಿಡಿದು ಎದ್ದರು.

"ಏನಂದ್ರು?"

"ನಿನ್ ಇಂಗ್ಲಿಷು ಬಹಳ ಚೆನ್ನಾಗೈತಂತೆ."