‘ಆತು’ ಅಂದರೆ ಆಯಿತೆಂದಲ್ಲ

ಕೂತಲ್ಲಿ ಕೂರಲಾರದ ಮನುಷ್ಯನನ್ನು ಕಂಡರೆ ಜನ ಅವನನ್ನು ಭಾರೀ ಕೆಲಸಗಾರ ಅಂದುಕೊಳ್ಳುತ್ತಾರೆ. ಈ ತಪ್ಪು ತಿಳಿವಳಿಕೆಯ ನೆರಳಿನಲ್ಲಿ ನಾನು ಒಂದು ಜೀವಮಾನ ಅನ್ನ ಉಂಡಿದ್ದೇನೆ. ಈಗ ಮಂಡಿ ಹಿಡಿದು, ಎದ್ದು ಓಡಾಡುವ ಶಕ್ತಿ ಉಡುಗಿರುವುದರಿಂದ, ಕುರ್ಚಿಯಲ್ಲಿ ಕೂತು ಪಶ್ಚಾತ್ತಾಪ ಪಡಲು ಪುರಸೊತ್ತಾಗಿದೆ. ಪಶ್ಚಾತ್ತಾಪಕ್ಕೂ ಒಂದಿಷ್ಟು ಕೂರುವ ಅಭ್ಯಾಸ ಬೇಕು ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಚಿಕ್ಕಂದಿನಲ್ಲಿ ನ್ಯಾಮತಿಯ ನಮ್ಮ ಹಿತ್ತಿಲಲ್ಲಿ ಅವ್ವ ಅವರೆಬೀಜ ಊರಿದರೆ, ಮೊಳಕೆ ಬಂತೋ ಇಲ್ಲವೋ ಎಂದು ನಾನು ದಿನಾ ಬೆಳಗ್ಗೆ ಕೆದಕಿ ನೋಡುತ್ತಿದ್ದೆ. "ಅದನ್ನಾದ್ರೂ ಮಲಗಾಕೆ ಬಿಡೋ ಮಾರಾಯ" ಎಂದು ಅವ್ವ ಬೈಯುತ್ತಿದ್ದಳು. ಆ ವರ್ಷ ನಮ್ಮ ಮನೆಯಲ್ಲಿ ಅವರೆಕಾಯಿ ಸಾರು ಆದದ್ದು ಪಕ್ಕದ ಮನೆಯವರ ಕೃಪೆಯಿಂದ. ಶಾಲೆಯಲ್ಲಿ ಮೇಷ್ಟ್ರು, "ಈ ಹುಡುಗ ಮುಂದೆ ಬರ್ತಾನೆ" ಎಂದು ಅಪ್ಪನಿಗೆ ಹೇಳಿದರಂತೆ. ಅವರು ಹಾಗೆ ಹೇಳುವ ಹೊತ್ತಿಗೆ ನಾನು ಹಿಂದಿನ ಸಾಲಿನಿಂದ ಎದ್ದು ಆಗಲೇ ಮುಂದೆ ಬಂದು ನಿಂತಿದ್ದೆ. ಅಪ್ಪ ಮಾತ್ರ ಅದನ್ನು ಭವಿಷ್ಯವಾಣಿ ಎಂದು ತಿಳಿದು ನನ್ನನ್ನು ಹೈಸ್ಕೂಲಿನವರೆಗೂ ಓದಿಸಿದರು.

ಹೈಸ್ಕೂಲು ಮುಗಿಸಿ ಹೊನ್ನಾಳಿಯ ಒಂದು ಶಾಲೆಯಲ್ಲಿ ಮೇಷ್ಟ್ರಾದೆ. ಹಾರ್ಮೋನಿಯಂ ಕಲಿಯಲು ಕೂತೆ, ಸರಳೆ ವರಸೆ ಮುಗಿಯುವ ಮುಂಚೆ ಎದ್ದೆ. ಹಿಂದಿ ಪರೀಕ್ಷೆಗೆ ಪುಸ್ತಕ ತಂದೆ, ಅಕ್ಷರಮಾಲೆ ದಾಟುವ ಮುಂಚೆ ಹೋಮಿಯೋಪತಿಯ ಪೆಟ್ಟಿಗೆ ತಂದೆ. ಆ ಸಕ್ಕರೆ ಗುಳಿಗೆಗಳನ್ನು ಇರುವೆಗಳು ತಿಂದು ಆರೋಗ್ಯವಾಗಿದ್ದವು. ತರಗತಿಯಲ್ಲಿ ಹುಡುಗರು ಕಾಪಿ ಬರೆಯುತ್ತಿದ್ದರೆ ನಾನು ಅವರ ಕೈ ಕೆಳಗಿನಿಂದಲೇ ಪುಸ್ತಕ ಎಳೆದು ತಿದ್ದಲು ಶುರು ಮಾಡುತ್ತಿದ್ದೆ. ಹಾಳೆಯ ಮೇಲೆ ಒಂದು ಉದ್ದನೆಯ ಗೀಟು ಬಿದ್ದಿರುತ್ತಿತ್ತು. ಅದನ್ನೂ ತಪ್ಪು ಎಂದು ನಾನೇ ಸುತ್ತು ಹಾಕುತ್ತಿದ್ದೆ. ಕಾರಿಡಾರಿನಲ್ಲಿ ಸದಾ ಪಟಪಟ ಓಡಾಡುವ ನನ್ನನ್ನು ನೋಡಿ ಊರಿನ ಹಿರಿಯರು, "ಶಾಲೆ ನಡೆಯಾಕೆ ಇವರೇ ಕಾರಣ" ಅನ್ನುತ್ತಿದ್ದರು. ಎಲ್ಲಿಗೆ ಓಡುತ್ತಿದ್ದೇನೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಇಂಥ ನನಗೆ ಜಗಳೂರಿನ ಕಡೆಯಿಂದ ಹೆಣ್ಣು ತಂದರು. ಗಿರಿಜಮ್ಮ. ಹೆಸರನ್ನು ಇಲ್ಲಿ ಬರೆಯುವಾಗಲೂ ಕೈ ಹಿಂಜರಿಯುತ್ತದೆ. ನಮ್ಮ ಕಾಲದಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳಿಗೆ ನಾನು 'ರೀ', ನನಗೆ ಅವಳು 'ಏನೇ'. ಗಿರಿಜಮ್ಮನ ಸ್ವಭಾವ ನನ್ನದಕ್ಕೆ ನೇರ ಎದುರು. ಅವಳು ರೊಟ್ಟಿ ತಟ್ಟಿದರೆ ಅಂಚಿನ ಸುತ್ತ ಬೆರಳು ಒಂದು ಪ್ರದಕ್ಷಿಣೆ ಮುಗಿಸಿದ ಮೇಲೆಯೇ ಹಂಚಿಗೆ ಹಾಕುವುದು. ನಾನು ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, "ಆತೇನೇ?" ಎನ್ನುತ್ತಿದ್ದೆ. ಅವಳು, "ಆತು" ಎನ್ನುತ್ತಿದ್ದಳು.

ಜಗಳ ಹುಟ್ಟುತ್ತಿದ್ದದ್ದು ಈ 'ಆತು' ಎನ್ನುವ ಮಾತಿನಲ್ಲಿ. ನಮ್ಮ ಕಡೆ ಕೆಲಸ ಮುಗಿದರೂ ಆತು ಅನ್ನುತ್ತಾರೆ. 'ನೀವು ಹೇಳಿದ್ದು ಕೇಳಿಸಿತು, ಇನ್ನು ಸುಮ್ಮನಿರಿ' ಎನ್ನುವುದಕ್ಕೂ ಆತು ಅನ್ನುತ್ತಾರೆ. ಗಿರಿಜಮ್ಮ ಯಾವಾಗಲೂ ಎರಡನೆಯ ಅರ್ಥದಲ್ಲಿ ಹೇಳುತ್ತಿದ್ದಳು. ನಾನು ಯಾವಾಗಲೂ ಮೊದಲನೆಯ ಅರ್ಥದಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಹೀಗೆ ಒಂದೇ ಮಾತನ್ನು ಆಡಿಕೊಂಡು ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಸಂಸಾರ ಮಾಡುತ್ತಿದ್ದೆವು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ಒಂದು ಸಂಜೆ ಅವಳು, "ರೀ, ನಾನು ಎಲ್.ಎಸ್. ಪರೀಕ್ಷೆ ಕಟ್ಟಲೇನು?" ಎಂದು ಕೇಳಿದಳು. ಲೋಯರ್ ಸೆಕೆಂಡರಿ ಪಾಸಾದರೆ ಆಗ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಗುತ್ತಿತ್ತು. ಅವಳಿಗೆ ಓದು ನಿಂತುಹೋದದ್ದು ಎದೆಯೊಳಗೆ ಕುಟುಕುತ್ತಿತ್ತು ಎಂದು ನನಗೆ ಅದುವರೆಗೆ ತಿಳಿದೇ ಇರಲಿಲ್ಲ. ನನಗೋ ಹೊಸದೊಂದು ಶುರು ಮಾಡುವುದೆಂದರೆ ಹಬ್ಬ. ಮರುದಿನವೇ ಪುಸ್ತಕ ತಂದು ಸುರಿದೆ. ಪಾಠ ಹೇಳಲೂ ಕೂತೆ. ಅಂದರೆ ಅವಳು ಕೂತಳು, ನಾನು ಸುತ್ತ ಓಡಾಡಿದೆ.

ಎಲ್ಲವೂ ಅವಳಿಗೆ ನಿಧಾನವಾಗಿ, ಆದರೆ ಅಳಿಸದ ಹಾಗೆ ಹತ್ತಿತು. ತೊಟ್ಟಿಯ ಲೆಕ್ಕ ಒಂದೇ ಹತ್ತಲೊಲ್ಲದು. ಒಂದು ಕೊಳಾಯಿ ತೊಟ್ಟಿಯನ್ನು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ಎರಡನ್ನೂ ಬಿಟ್ಟರೆ ತೊಟ್ಟಿ ಯಾವಾಗ ತುಂಬೀತು?

"ಖಾಲಿ ಮಾಡೋದನ್ನ ಮೊದ್ಲು ಮುಚ್ಚಬಾರ್ದೇನ್ರೀ?" ಎಂದಳು ಗಿರಿಜಮ್ಮ.

"ಮುಚ್ಚಂಗಿಲ್ಲ. ಲೆಕ್ಕ ಅದು."

"ಎಂಥಾ ಲೆಕ್ಕಾನೋ! ನಮ್ಮ ಜಗಳೂರಾಗೆ ಹಿಂಗೆ ನೀರು ಬಿಟ್ಟಿದ್ರೆ ಕೊಡಪಾನ ತಗಂಡು ತಲೆಗೇ ಹೊಡೀತಿದ್ರು."

ಬಾವಿಯ ಮುಂದೆ ಸರತಿಯಲ್ಲಿ ನಿಂತು ಬೆಳೆದ ಹೆಣ್ಣು. ನೀರು ಪೋಲಾಗುವುದನ್ನು ಕಾಗದದ ಮೇಲೂ ಸಹಿಸಳು. ಕೊನೆಗೆ ಮನಸ್ಸು ಗಟ್ಟಿ ಮಾಡಿ ಆ ಲೆಕ್ಕವನ್ನೂ ಕಲಿತಳು. ಆದರೆ ಮಾಡುವಾಗ ಹಣೆಯಲ್ಲಿ ಗೆರೆ ಮೂಡುತ್ತಿತ್ತು, ಹೊತ್ತೂ ಹಿಡಿಯುತ್ತಿತ್ತು. "ಹೊತ್ತು ಕೊಟ್ರೆ ಮಾಡೇ ಮಾಡ್ತೀನಿ" ಎನ್ನುತ್ತಿದ್ದಳು. ಹೊತ್ತು ಕೊಡುವುದೊಂದೇ ನನ್ನಿಂದಾಗದ ಕೆಲಸ.

ಪರೀಕ್ಷೆ ಚನ್ನಗಿರಿಯಲ್ಲಿ. ಹಿಂದಿನ ದಿನವೇ ಹೋಗಿ ಅವಳ ಚಿಕ್ಕಮ್ಮನ ಮನೆಯಲ್ಲಿ ಉಳಿಯಬೇಕು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ತತ್ವಾರ. ಬಸ್ಸುಗಳು ಬೆನ್ನ ಮೇಲೆ ಇದ್ದಲಿನ ಒಲೆ ಕಟ್ಟಿಕೊಂಡು, ಅದರ ಅನಿಲದ ಬಲದಲ್ಲಿ ಉಬ್ಬಸದ ಮುದುಕರಂತೆ ಓಡುತ್ತಿದ್ದವು. ನಮ್ಮದು ಹೊರಡುವುದಕ್ಕೆ ಮುಂಚೆ ಬಹಳ ಹೊತ್ತು ಒಲೆ ಊದಬೇಕು, ಊರು ದಾಟುತ್ತಲೇ ಮತ್ತೆ ಕೆದಕಬೇಕು. ಆವತ್ತು ನಾನು ಅಂಗಳದಿಂದ, "ಆತೇನೇ?" ಎಂದೆ. ಒಳಗಿನಿಂದ "ಆತು" ಎಂದು ಉತ್ತರ ಬಂತು. "ಹಂಗಾರೆ ಬಾ" ಎಂದವನೇ ಟ್ರಂಕು ಹೊತ್ತು ಜಾಗ ಹಿಡಿಯಲು ಬಸ್ಸಿಗೆ ಓಡಿದೆ.

ಬಸ್ಸಿನಲ್ಲಿ ಡ್ರೈವರನ ಹಿಂದೆ ಹೆಂಗಸರು, ಅವರ ಹಿಂದೆ ಗಂಡಸರು. ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದಿದ್ದರಿಂದ ಹಿಂದಿನಿಂದ ನೋಡಿದರೆ ಎಲ್ಲರೂ ಒಂದೇ. ಕಂಡಕ್ಟರು, "ಮೇಷ್ಟ್ರೇ, ನಿಮ್ಮನೇರು ಬಂದ್ರೇನ್ರಿ?" ಎಂದ. ಹೆಸರು ಹಿಡಿದು ಕೂಗುವ ಹಾಗಿಲ್ಲವಲ್ಲ, ಮುಂದಕ್ಕೆ ಕತ್ತು ಚಾಚಿ, "ಆತೇನೇ?" ಎಂದು ಕೂಗಿದೆ. ಮುಂದಿನ ಸಾಲಿನಿಂದ ಒಂದು ಸೆರಗು, "ಆತು, ಆತು" ಎಂದಿತು. ನಾನೇ "ರೈಟ್" ಕೊಟ್ಟೆ.

ಊರ ಹೊರಗೆ ಬಸ್ಸು ಕೆಮ್ಮಿ ನಿಂತಿತು. ಡ್ರೈವರು, ಕಂಡಕ್ಟರು ಒಲೆ ಕೆದಕಲು ಇಳಿದರು. ಹೆಂಡತಿಗೆ ಬಾಯಾರಿರಬಹುದೆಂದು ಅಪರೂಪಕ್ಕೆ ನನಗೆ ಕನಿಕರ ಹುಟ್ಟಿ, ತಂಬಿಗೆಯ ನೀರು ಹಿಡಿದು ಮುಂದೆ ಹೋಗಿ, "ಹಿಡಿಯೇ" ಎಂದೆ. ಸೆರಗು ತಿರುಗಿತು. ಒಳಗೆ ಯಾವುದೋ ಅಜ್ಜಿಯ ಮುಖ.

"ಯಾರಪ್ಪಾ ನೀನು? ನನ್ನ ಗಂಡನ್ನ ಕರೀಲೇನು?" ಎಂದಳು ಅಜ್ಜಿ.

"ಮತ್ತೆ ಆಗ ಆತು ಅಂದಿದ್ದು..."

"ಅಡಿಕೆ ಬೇಕೇನು ಅಂತ ಈಕಿ ಕೇಳಿದ್ಲು, ಬಾಯಾಗಿರೋದೇ ಆತು ಅಂದೆ. ನಿನಗೇನಾತು?"

ನಾನು ತಂಬಿಗೆಯನ್ನು ಅಲ್ಲೇ ಬಿಟ್ಟು ಇಳಿದೆ. ರಸ್ತೆ ಹಿಡಿದರೆ ತಡವಾದೀತೆಂದು ಹೊಲಗಳ ಮೇಲೆ ಅಡ್ಡ ಬಿದ್ದು, ಪಂಚೆಗೆ ಮುಳ್ಳು ಮೆತ್ತಿಸಿಕೊಂಡು ಮನೆ ಮುಟ್ಟಿದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ರಾಗಿ ಕೇರುತ್ತಾ, "ಆಗ್ಲೇ ಹೋದ್ಲಲ್ರೀ ಮೇಷ್ಟ್ರೇ. ಬಸ್ಸು ತಪ್ಪೀತು ಅಂದೆ. ಊರ ಮುಂದೆ ನಿಂತೇ ನಿಲ್ತೈತೆ, ಅಷ್ಟರಾಗೆ ನಡಕಂತ ಹೋದ್ರೆ ಸಾಕು ಅಂದ್ಲು" ಎಂದಳು. ಮತ್ತೆ ಓಡಿದೆ. ಬಸ್ಸು ಗುಡುಗುಡು ಅನ್ನುತ್ತಿತ್ತು. ಬಾಗಿಲಲ್ಲಿ ಕಂಡಕ್ಟರು, "ಏನ್ರಿ ಇದು, ನಿಮಗೋಸ್ಕರ ಊರೇ ಕಾಯಾಕತ್ತೈತೆ!" ಎಂದ. ಹೆಂಗಸರ ಸಾಲಿನಲ್ಲಿ ಒಂದು ಸೆರಗು ಹಿಂದೆ ತಿರುಗದೆ ನೆಟ್ಟಗೆ ಕೂತಿತ್ತು.

"ಈಗ ಆತೇನ್ರೀ?" ಎಂದಿತು ಆ ಸೆರಗು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಮರುದಿನ ನಡೆದದ್ದಕ್ಕೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ.

ಮರುದಿನ ಲೆಕ್ಕದ ಪರೀಕ್ಷೆ. ಶಾಲೆಯ ಕಿಟಕಿಯ ಪಕ್ಕದಲ್ಲೇ ಗಿರಿಜಮ್ಮನ ಜಾಗ. ಎದುರಿನ ಹೊಂಗೆಮರದ ಕೆಳಗೆ ಕಾಯುತ್ತಿದ್ದ ಬೇರೆ ಗಂಡಸರು ಬೀಡಿ ಹಚ್ಚಿ, ಯುದ್ಧದ ಸುದ್ದಿ ಮಾತಾಡಿ, ಟವೆಲು ಹಾಸಿ ಮಲಗಿದರು. ನಾನು ಮರ ಸುತ್ತಿದೆ. ಆಮೇಲೆ ಶಾಲೆ ಸುತ್ತಿದೆ. ಒಬ್ಬೊಬ್ಬರೇ ಬರೆದು ಮುಗಿಸಿ ಹೊರಬರಲು ಶುರುವಾಯಿತು. ಕಿಟಕಿಯಲ್ಲಿ ಇಣುಕಿದೆ. ಗಿರಿಜಮ್ಮ ಬರೆಯುತ್ತಿದ್ದಳು. ಹಣೆಯಲ್ಲಿ ಆ ಗೆರೆ ಇತ್ತು. ತೊಟ್ಟಿಯ ಲೆಕ್ಕವೇ ಎಂದು ನನಗೆ ಗೊತ್ತಾಗಬೇಕಿತ್ತು. ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು. ಸುಮ್ಮನೆ ನಿಂತಿರುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ಆತೇನೇ?" ಎಂದೆ.

ತಲೆ ಎತ್ತದೆ ಅವಳು, "ಆತು" ಎಂದಳು. ಒಲೆಯ ಮುಂದೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು. ಒಳಗಿದ್ದ ಮೇಷ್ಟ್ರಿಗೆ ಅವಳ ಒಲೆಯ ಸಂಗತಿ ಏನು ಗೊತ್ತು? "ಆಯ್ತಾ ತಾಯಿ?" ಎಂದು ಬಂದು ಕಾಗದ ಎತ್ತಿಕೊಂಡೇಬಿಟ್ಟರು. ಗಿರಿಜಮ್ಮನ ಲೇಖನಿ ಗಾಳಿಯಲ್ಲಿ ನಿಂತಿತು. "ಇಲ್ರೀ, ಇನ್ನೂ ಒಂದು..." ಎಂದಳು. "ಕೊಟ್ಟ ಮ್ಯಾಲೆ ಮುಗೀತಮ್ಮ" ಎಂದರು ಅವರು. ಅವಳು ಕಿಟಕಿಯ ಕಡೆ ನೋಡಿದಳು. ಅದು ಬೈಗುಳದ ನೋಟವಾಗಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ. ಮೊಳಕೆ ಒಡೆಯುವ ಬೀಜವನ್ನು ಯಾರೋ ಕಿತ್ತು ಬಿಸಿಲಿಗೆ ಹಾಕಿದ ಹಾಗಿತ್ತು ಆ ಮುಖ.

ಫಲಿತಾಂಶ ಬಂದಾಗ ಲೆಕ್ಕವೊಂದರಲ್ಲಿ, ಅದೂ ಸ್ವಲ್ಪದರಲ್ಲಿ ಹೋಗಿತ್ತು. ಬಂದವರೆಲ್ಲ, "ಹೆಣ್ಣುಮಕ್ಳಿಗೆ ಲೆಕ್ಕ ಎಲ್ಲಿ ಬರಬೇಕು ಬಿಡ್ರಿ" ಎಂದರು. ಅವಳು, "ಪೇಪರು ಬಿಗಿ ಇತ್ತು" ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ನಾನು ತಲೆಯಾಡಿಸಿದೆ. ಎಲ್ಲದಕ್ಕೂ ಅವಸರಪಡುವ ನಾನು ನಿಜ ಹೇಳುವುದಕ್ಕೆ ಮಾತ್ರ ಒಂದಿಷ್ಟೂ ಅವಸರ ಮಾಡಲಿಲ್ಲ. ಇದೇ ನನ್ನ ತಪ್ಪುಗಳಲ್ಲಿ ದೊಡ್ಡದು. ಕಿಟಕಿಯಲ್ಲಿ ಕೂಗಿದ್ದು ಸ್ವಭಾವ ಅನ್ನಬಹುದು. ತಲೆಯಾಡಿಸಿದ್ದಕ್ಕೆ ಬೇರೆ ಹೆಸರಿದೆ.

ಮುಂದಿನ ವರ್ಷ ಅವಳು, "ಈ ಸಲ ನೀವು ಬರಬ್ಯಾಡ್ರಿ" ಎಂದು ತನ್ನ ಅಣ್ಣನ ಜೊತೆ ಹೋದಳು. ಆ ದಿನಗಳಲ್ಲಿ ನಾನು ಹೊನ್ನಾಳಿಯ ಬೀದಿಗಳನ್ನು ಎಷ್ಟು ಅಳೆದೆನೆಂದರೆ ಚಪ್ಪಲಿಯ ಅಟ್ಟೆ ಕಿತ್ತುಬಂತು. ಗಿರಿಜಮ್ಮ ಪಾಸಾದಳು, ಲೆಕ್ಕದಲ್ಲೇ ಹೆಚ್ಚು ಅಂಕ ಬಂದು.

ನಮ್ಮ ಶಾಲೆಯಲ್ಲಿ ಒಂದು ಸಣ್ಣ ಸಭೆ ಮಾಡಿದರು. ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರೇ ಅಧ್ಯಕ್ಷರು. ಮನುಷ್ಯನ ಸ್ವಭಾವಕ್ಕೆ ತಕ್ಕಂತೆ ಅವನ ಕೆಲಸ, ಕೆಲಸಕ್ಕೆ ತಕ್ಕಂತೆ ಅವನ ಏಳಿಗೆ ಎಂದು ಅವರು ಬಹಳ ಹೊತ್ತು ಮಾತಾಡಿ, "ಹೆಂಡತಿಯನ್ನು ಓದಿಸಿ ಪಾಸು ಮಾಡಿಸಿದ ಈ ಮೇಷ್ಟ್ರ ತಾಳ್ಮೆಯನ್ನು ನೋಡಿ" ಎಂದು ನನ್ನ ಕೊರಳಿಗೇ ಹಾರ ಹಾಕಿದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾರದ ಚೆಂಡುಹೂವು ಕುತ್ತಿಗೆಯನ್ನು ಚುಚ್ಚಿತೋ, ಮನಸ್ಸೋ, ಗೊತ್ತಿಲ್ಲ. ಎದ್ದು ನಿಂತು ನಿಜ ಹೇಳಿಬಿಟ್ಟೆ. "ನಾನು ಪಾಸು ಮಾಡಿಸಲಿಲ್ಲ ಸ್ವಾಮಿ. ಹೋದ ವರ್ಷ ಇವರು ಫೇಲಾದದ್ದೇ ನನ್ನಿಂದ. ನನ್ನಷ್ಟು ತಾಳ್ಮೆಗೆಟ್ಟವನು ಈ ತಾಲ್ಲೂಕಿನಲ್ಲೇ ಇಲ್ಲ. ಈ ವರ್ಷ ನಾನು ಜೊತೆಗೆ ಹೋಗಲಿಲ್ಲ, ಅದಕ್ಕೇ ಪಾಸಾದರು."

ಆಮೇಲೆ ಬಿದ್ದಿತು ನೋಡಿ ಚಪ್ಪಾಳೆ! "ಎಂಥಾ ವಿನಯ! ಎಂಥಾ ಸಮಾಧಾನದ ಮನುಷ್ಯ!" ಎಂದು ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲ ಸ್ವಾಮಿ, ನಿಜವಾಗಿಯೂ..." ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ಕೆಲವೇ ತಿಂಗಳಲ್ಲಿ ಗಿರಿಜಮ್ಮನಿಗೆ ಜಗಳೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಾಯಿತು. ನನ್ನನ್ನು ಅದೇ ಊರಿನ ಗಂಡುಮಕ್ಕಳ ಶಾಲೆಗೆ ಹೆಡ್‌ಮಾಸ್ತರನನ್ನಾಗಿ ಹಾಕಿದರು. ಸಮಾಧಾನದ ಸ್ವಭಾವದವರು ಬೇಕೆಂದು ಇನ್‌ಸ್ಪೆಕ್ಟರೇ ಹೇಳಿದ್ದರಂತೆ.

ಆ ಸುದ್ದಿ ಬಂದ ದಿನ ಗಿರಿಜಮ್ಮ ರೊಟ್ಟಿಯ ಅಂಚು ತಟ್ಟುತ್ತಾ, ನಿಧಾನವಾಗಿ ಹೇಳಿದಳು: "ನೀವು ಬಾಯಿ ಬಿಟ್ಟಿದ್ದಕ್ಕೆ ನಾನು ಫೇಲಾದೆ. ಮತ್ತೊಂದು ಸಲ ಬಾಯಿ ಬಿಟ್ಟಿದ್ದಕ್ಕೆ ನೀವು ಹೆಡ್‌ಮಾಸ್ತರಾದ್ರಿ. ಇದು ಯಾವ ಲೆಕ್ಕ, ಸ್ವಲ್ಪ ಹೇಳಿಕೊಡ್ರಿ."

ನನಗೆ ಇನ್ನೂ ಬಿಡಿಸಲು ಬಂದಿಲ್ಲ.